ದ್ವಾರಪಾಲಕನಿಗೆ ಏನು ಬೇಕಿತ್ತು

ಎಲ್ಲೋ ಅರಿಶಿನ ಬೇಯಿಸುತ್ತಿದ್ದಾರೆ, ಉಡಿಗಾಲದ ಸ್ಟಾಪು ಇನ್ನೂ ಬಂದಿಲ್ಲ, ಆಗಲೇ ಘಾಟು ಬಸ್ಸಿನ ಕಿಟಕಿಯೊಳಗೆ ನುಗ್ಗಿದೆ, ಹಸಿಮಣ್ಣೂ ಹೊಗೆಯೂ ಕಲೆಸಿದ ಘಾಟು, ಗಂಗಾಧರಸ್ವಾಮಿಗಳಿಗೆ ಸೀನು ಬಂದಂತಾಗಿ ಬರಲಿಲ್ಲ — ಮೂಗಿನ ತುದಿಗೆ ಬಂದು ವಾಪಸಾದ ಸೀನಿನಷ್ಟು ಕಿರಿಕಿರಿ ಇನ್ನೊಂದಿಲ್ಲ, ನಾಟಕದವನು ಮಾತು ಮರೆತು ನಿಂತ ಹಾಗೆ, ಛೆ, ಅರವತ್ತೊಂದಾದರೂ ಎಲ್ಲದಕ್ಕೂ ನಾಟಕ ತಂದು ಅಂಟಿಸುವ ಚಟ ಹೋಗಲಿಲ್ಲ, ನಲವತ್ತು ವರ್ಷ ಊರೂರಿಗೆ ಹಾರ್ಮೋನಿಯಂ ಹೊರಿಸಿಕೊಂಡು ಹೋಗಿ ಪೌರಾಣಿಕ ನಾಟಕ ಕಲಿಸಿದ ಮೇಷ್ಟ್ರು, ಈಗ ತೊಡೆಯ ಮೇಲೆ ಮಗಳ ಇನ್ನೂರು ಪುಟದ ನೋಟ್‌ಬುಕ್ಕು. ಮಗಳು ರೂಪಶ್ರೀ ಚಾಮರಾಜನಗರದ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಾಳೆ, ಊರು ಜಿಲ್ಲಾಕೇಂದ್ರವಾದ ಮೇಲೆ ಹುಟ್ಟಿಕೊಂಡ ಹೊಸ ವಿದ್ಯೆ, ಪಾಠ ಮುಗಿದರೆ ಅದೇ ಯಂತ್ರದಲ್ಲಿ ಆಟ, ಆಟವೆಂದರೆ ಗೋಲಿ ಚಿನ್ನಿದಾಂಡಲ್ಲ, ಒಂದು ಪುರಾಣವೇ ಒಳಗಿದೆ — ಕತ್ತಿ ಹಿಡಿದವಳು, ಮಂತ್ರ ಹಾಕುವವನು, ಗಡ್ಡದ ಕುಳ್ಳ ಕಮ್ಮಾರ, ಚೂಪು ಕಿವಿಯ ಕಾಡಿನವನು, ಇಂಥ ನಾಲ್ವರನ್ನು ನಾವೇ ಹುಟ್ಟಿಸಿ ಪಾಳುಕೋಟೆ ಗುಹೆ ಸುತ್ತಿಸಬೇಕಂತೆ. ಆಟ ಕೇಳುವುದು ಹೆಸರು, ಕುಲ, ಕಸುಬು, ಅಷ್ಟೆ. ಇವಳಿಗೆ ಅಷ್ಟು ಸಾಲದು. ಒಬ್ಬೊಬ್ಬರಿಗೂ ನಾಲ್ಕು ಪುಟ, ಹುಟ್ಟಿದ ಊರು ಯಾವುದು, ಯಾಕೆ ಊರು ಬಿಟ್ಟ, ಯಾವುದಕ್ಕೆ ಹೆದರುತ್ತಾನೆ, ಯಾರಿಗೂ ಹೇಳದ ಮಾತು ಏನು, ಅವನಿಗೆ ಏನು ಬೇಕು — ಕೊನೆಯದೇ ಮುಖ್ಯ ಅಪ್ಪಾಜಿ, ಏನು ಬೇಕು ಅನ್ನೋದು ಗೊತ್ತಿಲ್ದೆ ಇದ್ರೆ ಆಡಕ್ಕೆ ಮಜಾನೇ ಇಲ್ಲ, ನೀವು ನಾಟಕದೋರಲ್ವಾ, ಹೇಳಿಕೊಡಿ.

ಹೇಳಿಕೊಟ್ಟರು, ಕತ್ತಿಯವಳ ಅಣ್ಣನನ್ನು ರಾಕ್ಷಸ ಕೊಂದ, ಸೇಡಿಗಾಗಿ ಊರು ಬಿಟ್ಟಳು ಅಂದರು, ರೂಪಶ್ರೀ ಮೂಗು ಮುರಿದಳು, ಸೇಡು ಎಲ್ಲಾ ನಾಟಕದಲ್ಲೂ ಇರತ್ತೆ ಅಪ್ಪಾಜಿ, ಚಿಕ್ಕದೇನಾದ್ರೂ ಹೇಳಿ, ಮನೆಯಲ್ಲಿ ನಡೆಯೋ ಅಂಥದ್ದು. ಚಿಕ್ಕದು! ನಲವತ್ತು ವರ್ಷ ಸಿಂಹಾಸನ ಶಪಥ ಗದೆ ಅಂತ ಬದುಕಿದವನನ್ನು ಚಿಕ್ಕದು ಕೇಳುತ್ತಾಳೆ, ಒಂದು ದಿನವೆಲ್ಲ ತಲೆ ಕೆರೆದುಕೊಂಡು ಕಮ್ಮಾರನಿಗೆ ಒಂದು ಹೊಳೆಯಿತು, ಅವನು ಗುಹೆಯ ಬಾಯಲ್ಲಿ ಯಾಕೆ ಅಳುಕುತ್ತಾನೆ ಅಂದರೆ ಅವನ ಅಣ್ಣ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತ, ಮೇಲೆ ಹಗ್ಗ ಹಿಡಿದು ನಿಂತಿದ್ದವನು ಇವನೇ. ರೂಪಶ್ರೀ ಪೆನ್ನು ನಿಲ್ಲಿಸಿ ಮುಖ ನೋಡಿದಳು. ಮಾರನೆಯ ಸಂಜೆ ಸೆಂಟರಿಗೆ ಕರೆದುಕೊಂಡು ಹೋಗಿ ತೋರಿಸಿದಳು, ಬೆರಳುದ್ದದ ಕುಳ್ಳ ಗುಹೆಯ ಮುಂದೆ ಬಂದ, ಮೂವರು ಒಳಗೆ ಹೋದರು, ಇವನೊಬ್ಬನನ್ನು ಅವಳು ಹೊರಗೇ ನಿಲ್ಲಿಸಿ ಹತ್ತು ಎಣಿಸಿ ಆಮೇಲೆ ಕಳಿಸಿದಳು, ಆಟಕ್ಕೆ ಅದು ಬೇಕಿಲ್ಲ, ಅದಕ್ಕೆ ಅಂಕವೂ ಇಲ್ಲ, ಸುಮ್ಮನೆ, ಅವನು ಅಂಥವನು ಅಂತ — ಗಂಗಾಧರಸ್ವಾಮಿಗಳ ಮೈ ಜುಂ ಅಂದಿತು. ತಾನು ಕಲಿಸಿದ ಮುನ್ನೂರು ನಾಟಕದಲ್ಲಿ ಒಬ್ಬನನ್ನಾದರೂ ಹೀಗೆ ಹತ್ತು ಎಣಿಸಿ ಕಳಿಸಿದ್ದೆನೆ, ಇಲ್ಲ, ತಾಳ ತಪ್ಪಬಾರದು, ಪದ ಎತ್ತಿ ಹಾಡಬೇಕು, ಕೈ ಹೀಗೆ ಕಾಲು ಹೀಗೆ, ಅಷ್ಟೇ ಪಾಠ.

ತೆರಕಣಾಂಬಿ, ಯಾರೋ ಇಳಿದರು, ಕೋಳಿ ಬುಟ್ಟಿ ಹತ್ತಿತು, ಸ್ವಲ್ಪ ಒತ್ತಿ ಕೂತ್ಕಳಿ ಯಜಮಾನ್ರೆ, ಕೂತರು. ಸೆಂಟರಿಗೆ ಹೋದ ಆ ಸಂಜೆಯೇ ಆಟದ ಕೋಟೆಯ ಬಾಗಿಲಲ್ಲಿ ಅವನನ್ನು ನೋಡಿದ್ದು, ಈಟಿ ಹಿಡಿದ ದ್ವಾರಪಾಲಕ, ಮೌಸ್ ಕೈಗೆ ತೆಗೆದುಕೊಂಡು ಅವನ ಮೇಲೆ ಒತ್ತಿದರು, ಇಂಗ್ಲಿಷಿನಲ್ಲಿ ಏನೋ ಬಂತು, ರೂಪಶ್ರೀ ಓದಿ ಹೇಳಿದಳು, ಬಾಗಿಲು ತೆರೆದಿದೆ ಮುಂದೆ ನಡೆಯಿರಿ, ಇನ್ನೊಮ್ಮೆ ಒತ್ತಿದರು, ಮುಂದೆ ನಡೆಯಿರಿ, ಇಪ್ಪತ್ತು ಸಲ ಒತ್ತಿರಬೇಕು, ಇಪ್ಪತ್ತೊಂದನೆಯದಕ್ಕಾದರೂ ಬೇರೆ ಏನಾದರೂ ಅಂದಾನು ಅಂತ, ಅನ್ನಲಿಲ್ಲ. ಅವನಿಗೆ ಕಥೆ ಇಲ್ಲ ಅಪ್ಪಾಜಿ, ಅವನನ್ನ ಯಾರೂ ಆಡಲ್ಲ, ಅವನು ಸುಮ್ನೆ ನಿಂತಿರ್ತಾನೆ. ಸುಮ್ನೆ ಯಾರಮ್ಮ ನಿಂತಿರ್ತಾರೆ — ಅಂದುಬಿಟ್ಟರು, ಅಂದ ಮೇಲೆ ಗೊತ್ತಾಯಿತು, ಆ ಮಾತು ತನ್ನದಲ್ಲ, ಇಪ್ಪತ್ತೆರಡು ವರ್ಷದ ಹಿಂದೆ ಭೀಮನಬೀಡಿನಲ್ಲಿ ಪುಟ್ಟಮಾದು ಕೇಳಿದ ಮಾತು. ಹಂಗಾದ್ರೆ ನೀವೇ ಬರೀರಿ ಅಂತ ಮಗಳು ಹೊಸ ಹಾಳೆ ತೆಗೆದು ದ್ವಾರಪಾಲಕ ಅಂತ ತಲೆಬರಹ ಹಾಕಿಕೊಟ್ಟಳು. ಎಂಟು ದಿನವಾಯಿತು, ಹಾಳೆ ಹಾಗೇ ಇದೆ.

ಪುಟ್ಟಮಾದು. ಹೊಲೆಗೇರಿಯವನು, ಒಳ್ಳೆ ನಿಲುವು, ಗಂಟೆ ಹೊಡೆದ ಹಾಗೆ ಕಂಠ, ರಾಜನ ವೇಷಕ್ಕೆ ಹೇಳಿಮಾಡಿಸಿದವನು, ಆದರೆ ಊರಿನಲ್ಲಿ ರಾಜ ಪಟೇಲರ ಮನೆಯ ಮರಿಮಲ್ಲಪ್ಪನೇ ಆಗಬೇಕು, ಮಂತ್ರಿ ಅವರ ಭಾವಮೈದುನ, ಕೇರಿಯವರಿಗೆ ಮೊದಲಿಂದಲೂ ದ್ವಾರಪಾಲಕ, ಅದೂ ಉಪಕಾರವೆಂಬಂತೆ, ಅದನ್ನು ಯಾರೂ ಬರೆದಿಟ್ಟಿರಲಿಲ್ಲ, ಬರೆದಿಡುವ ಅಗತ್ಯವೂ ಇರಲಿಲ್ಲ, ಮೇಷ್ಟ್ರಿಗೂ ಗೊತ್ತಿತ್ತು. ಅವನಿಗಿದ್ದದ್ದು ಒಂದೇ ಮಾತು, ಮಹಾಪ್ರಭು, ದೂತನೊಬ್ಬನು ಬಾಗಿಲಲ್ಲಿ ಕಾದಿದ್ದಾನೆ. ಮೂರು ತಿಂಗಳ ಅಭ್ಯಾಸ, ಒಂದು ಸಂಜೆ ಈಟಿ ಹಿಡಿದುಕೊಂಡೇ ಕೇಳಿದ, ಬುದ್ಧೀ, ಈ ಬಾಗ್ಲು ಕಾಯೋನು ಯಾವೂರೋನು, ಯಾವಾಗ್ಲಿಂದ ನಿಂತವ್ನೆ, ಉಂಡವ್ನಾ. ಯಾಕಲಾ ಅದೆಲ್ಲ ಅಂದರೆ, ಸುಮ್ಕೆ ಯಾರ್ ಬುದ್ಧಿ ನಿಂತಿರ್ತಾರ, ಗೊತ್ತಾದ್ರ ನಿಂತ್ಕಳಕ ಸಲೀಸಾಯ್ತದ ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ತಾವೂ ನಕ್ಕರು, ಸುಳ್ಳು ಯಾಕೆ, ಎಲ್ಲರಿಗಿಂತ ಜೋರಾಗಿ ನಕ್ಕರು, ಈಟಿ ನೆಟ್ಟಗೆ ಹಿಡ್ಕೊಳೋ ಸಾಕು ಅಂದರು.

ಆಮೇಲೆ ನಾಟಕದ ದಿನ, ಊರಿಗೆ ಊರೇ ಸೇರಿದೆ, ಪುಟ್ಟಮಾದು ಬಂದ, ಕೈಮುಗಿದ, ಮಹಾಪ್ರಭು ಅಂದ, ದೂತ ಅನ್ನಬೇಕು, ಅನ್ನಲಿಲ್ಲ — ದೂತನ ಸಮಾಚಾರಕ್ಕೂ ಮೊದಲು ಈ ಸೇವಕನದೊಂದು ಬಿನ್ನಹವಿದೆ ಅಂದ. ಎಂಥ ಭಾಷೆ, ಒಂದು ಅಕ್ಷರ ಜಾರಿಲ್ಲ, ಮೂರು ತಿಂಗಳು ಬಾಗಿಲಲ್ಲಿ ನಿಂತು ಎಲ್ಲರ ಮಾತನ್ನೂ ಕುಡಿದಿದ್ದಾನೆ, ಒಂದು ಗಳಿಗೆ ಮೇಷ್ಟ್ರಿಗೆ ಹೆಮ್ಮೆಯೇ ಆಯಿತು, ಆಮೇಲೆ ಮರಿಮಲ್ಲಪ್ಪನ ಹುಬ್ಬು ಕಂಡಿತು, ಕೈ ತಾನಾಗಿ ಹಾರ್ಮೋನಿಯಂ ತಿದಿ ಒತ್ತಿತು, ಎಲ್ಲ ಸ್ವರಗಳ ಮನೆಗಳನ್ನೂ ಒಟ್ಟಿಗೆ ಅದುಮಿ ಜೋರಾಗಿ ಬಾರಿಸಿದರು, ತಬಲದವನೂ ಸೇರಿಕೊಂಡ, ಪುಟ್ಟಮಾದುವಿನ ತುಟಿ ಆಡುತ್ತಿತ್ತು, ಆಡುತ್ತಲೇ ಇತ್ತು, ಮಾತು ಯಾರಿಗೂ ಮುಟ್ಟಲಿಲ್ಲ. ಮರಿಮಲ್ಲಪ್ಪನಿಗೆ ಕೇಳಿಸಿರಬೇಕು, ಎದುರಿಗೇ ಇದ್ದ, ಆದರೆ ಅವನು ಸಾಯುವತನಕ ಬಾಯಿ ಬಿಡಲಿಲ್ಲ. ಮೇಷ್ಟ್ರ ಸಮಯಪ್ರಜ್ಞೆ ದೊಡ್ಡದು ಅಂತ ಶಾಲು ಹೊದಿಸಿದರು. ಹೊದ್ದುಕೊಂಡರು. ಪುಟ್ಟಮಾದು ಆಮೇಲೆ ನಾಟಕದ ಕಡೆ ತಲೆ ಹಾಕಲಿಲ್ಲ.

ಗುಂಡ್ಲುಪೇಟೆ ಸ್ಟ್ಯಾಂಡು, ಬತ್ತೇರಿ ಬತ್ತೇರಿ ಅಂತ ಕೇರಳದ ಬಸ್ಸಿನವನ ಕೂಗು, ಮಲಯಾಳದವರ ಗಡಿಬಿಡಿ, ಭೀಮನಬೀಡಿನ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ, ಹಿಂದಕ್ಕೆ ಹೋಗಿಬಿಡಲೇ, ಚಾಮರಾಜನಗರದ ಬಸ್ಸು ಅಲ್ಲೇ ನಿಂತಿದೆ, ಏನಾದರೂ ಒಂದು ಬರೆದುಕೊಟ್ಟರಾಯಿತು, ಬಡವ, ಮುದುಕಿ ತಾಯಿ, ಮಗುವಿಗೆ ಜ್ವರ — ರೂಪಶ್ರೀ ಮೂಗು ಮುರಿಯುತ್ತಾಳೆ, ಮುರಿಯಲಿ. ಇಲ್ಲ. ಪುಟ್ಟಮಾದುವನ್ನೇ ಕೇಳಿ ತಿಳಿಯಬೇಕು. ಆಟ ಒಂದು ನೆಪ, ಆ ತುಟಿ ಏನು ಆಡಿತು ಅನ್ನುವುದು ಎಂಟು ದಿನದಿಂದ ಅನ್ನ ಇಳಿಯಲು ಬಿಟ್ಟಿಲ್ಲ, ಬಯ್ದನೋ, ಬೇಡಿದನೋ, ಹೆಂಡತಿಯ ಹೆಸರು ಹೇಳಿದನೋ, ಮುಚ್ಚಿದವನು ನಾನು, ಏನನ್ನು ಮುಚ್ಚಿದೆ ಅನ್ನುವುದಾದರೂ ಗೊತ್ತಿರಬೇಡವೆ, ಗೊತ್ತಿಲ್ಲದೆ ಸತ್ತರೆ ಹೇಗೆ. ಬಸ್ಸು ಬಂತು, ಹತ್ತಿದರು.

ಇಳಿದ ಮೇಲೆ ಅರ್ಧ ಮೈಲಿ ನಡಿಗೆ, ಬಿಸಿಲು ನೆತ್ತಿಗೇ ಹೊಡೆಯುತ್ತಿದೆ, ಕೇರಿಯ ಕೊನೆಯಲ್ಲಿ ಪುಟ್ಟಮಾದುವಿನ ಹೆಂಚಿನ ಮನೆ, ಯಾರೋ ಕೈತೋರಿಸಿದರು, ಜಗಲಿಯ ಮೇಲೆ ಬೀಜದ ಅರಿಶಿನ ಆರಿಸುತ್ತಿದ್ದ ಬಿಳಿತಲೆ ಮೇಲೆದ್ದಿತು, ಅಯ್, ನಾಟ್ಕದ್ ಮೇಷ್ಟ್ರಲ್ವಾ, ಬನ್ನಿ ಬುದ್ಧಿ ಬನ್ನಿ, ಏನ್ ಇಷ್ಟ್ ದೂರ. ಬನ್ನಿ ಅಂದವನೇ ಒಳಗಿನಿಂದ ಕುರ್ಚಿ ತಂದು ಅಂಗಳದ ಬೇವಿನ ನೆರಳಿಗೆ ಹಾಕಿದ, ಟವೆಲಿನಿಂದ ಒರೆಸಿದ, ತಾನು ನೆಲಕ್ಕೆ ಕೂತ. ಗಂಗಾಧರಸ್ವಾಮಿಗಳು ಕಂಪ್ಯೂಟರು, ಆಟ, ನೋಟ್‌ಬುಕ್ಕು ಎಲ್ಲ ಹೇಳಿದರು, ಬೊಂಬೆಗೂ ಕಥ ಬರ್ದರಾ ಬುದ್ಧಿ ನಿಮ್ ಮಗ್ಳು ಅಂತ ಪುಟ್ಟಮಾದುವಿಗೆ ಖುಷಿಯೋ ಖುಷಿ, ಕುಳ್ಳನ ಬಾವಿಯ ಕಥೆಗೆ ತಲೆದೂಗಿದ, ದಿಟ ಕಣ್ಬುದ್ಧಿ, ಅವ್ನು ನಿಂತೇ ನಿಂತ್ಕತನ ಅಂದ. ಆಮೇಲೆ ಕೇಳಿದರು, ಅವತ್ತು ಏನಂದೆ ಪುಟ್ಟಮಾದು, ನಾನು ಬಾರಿಸಿಬಿಟ್ಟೆನಲ್ಲ, ಆವಾಗ, ತಪ್ಪಾಯ್ತು ಕಣಪ್ಪ, ಏನಂದೆ.

ಅಯ್ಯೋ ಅದಾ, ಇನ್ನೂ ನೆಪ್ಪುಮಡಿಕಂಡಿದ್ದರಾ — ನಕ್ಕ, ಅರಿಶಿನದ ಕೈ ಒರೆಸಿಕೊಂಡ. ಏನಿಲ್ಲ ಬುದ್ಧಿ, ನೀವು ಹೇಳ್ಕೊಡ್ನಿಲ್ಲ, ನಾನೇ ಯೋಚ್ನ ಮಾಡ್ಕಂಡಿ, ಆ ಬಾಗ್ಲು ಕಾಯೋನು ಹೊತ್ತಾರಿಂದ ಬಿಸುಲಲ್ಲಿ ನಿಂತವ್ನೆ, ಬಂದೋರ್ಗೆಲ್ಲ ಒಳಗ ಪಾನಕ ಮಜ್ಜಿಗ, ಅವ್ನ ಯಾರೂ ಕೇಳ್ನಿಲ್ಲ. ಅದ್ಕ — ಎದ್ದು ನಿಂತ, ಎಪ್ಪತ್ತರ ಹತ್ತಿರದ ಬೆನ್ನು ನೆಟ್ಟಗಾಯಿತು, ಮಹಾಪ್ರಭು, ಗಂಟಲು ಒಣಗಿದೆ, ತಮ್ಮ ಕೈಯಿಂದ ಒಂದು ಗುಟುಕು ನೀರು ದಯಪಾಲಿಸಬೇಕು. ಒಂದು ಅಕ್ಷರ ಜಾರಲಿಲ್ಲ. ಅಷ್ಟೇ ಕಣ್ಬುದ್ಧಿ, ಕೊಟ್ಟಿದ್ರ ನಾ ಕುಡ್ಕಂಡು ದೂತನ್ನ ಒಳಕ್ಕ ಬುಡನ ಅಂತಿದ್ದಿ. ನಿಮ್ಗೂ ಬಾಯಾರಿರ್ತದ, ತಡೀರಿ, ಅಂಗ್ಡೀಲಿ ಸೋಡಾ ತತ್ತೀನಿ, ಅಂದು ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟೇಹೋದ.

ಸೋಡಾ. ತಮ್ಮಂಥವರು ಈ ಮನೆಗಳಿಗೆ ಬಂದರೆ ಮನೆಯ ನೀರು ಕೊಡದೆ ಅಂಗಡಿಯ ಸೋಡಾ ತರುವುದು ಮರ್ಯಾದೆ, ನಲವತ್ತು ವರ್ಷ ಎಲ್ಲ ಊರಿನಲ್ಲೂ ಕುಡಿದಿದ್ದಾರೆ, ತೇಗಿದ್ದಾರೆ, ಯಾಕೆ ಅಂತ ಒಂದು ಸಲವೂ ಕೇಳಿಲ್ಲ, ತಲೆಯೆತ್ತಿದರೆ ಬಾಗಿಲಲ್ಲಿ ಪುಟ್ಟಮಾದುವಿನ ಹೆಂಡತಿ ಮಲ್ಲಿಗಮ್ಮ, ಕೈಯಲ್ಲಿ ಲೋಟ, ಬಿಸಿಲಿನಿಂದ ಬಂದವರಿಗೆ ಅಂತ ಮರೆತು ತುಂಬಿಕೊಂಡು ಬಂದವಳು ಹೊಸಲಿನ ಒಳಗೇ ನಿಂತುಬಿಟ್ಟಿದ್ದಾಳೆ, ಮುಂದಕ್ಕೆ ಕಾಲಿಡುವುದಿಲ್ಲ, ಹಿಂದಕ್ಕೆ ಹೋಗುವುದಕ್ಕೂ ನಾಚಿಕೆ. ಕೊಡಮ್ಮ ಅಂದರಾಯಿತು, ಒಂದೇ ಮಾತು, ಸಾವಿರ ಜನಕ್ಕೆ ಮಾತು ಕಲಿಸಿದ ಬಾಯಿ, ಎದೆಯ ಮೇಲಿನ ಲಿಂಗಕ್ಕೆ ಕೈ ಯಾಕೆ ಹೋಯಿತು, ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳು, ಅಮ್ಮ ಸತ್ತು ಮೂವತ್ತು ವರ್ಷ, ಯಾರೂ ನೋಡುತ್ತಿಲ್ಲ, ನೋಡಿದರೂ ಏನಂತೆ, ಲೋಟ ಕಂಠಮಟ್ಟ ತುಂಬಿದೆ, ಗಂಟಲು ಒಣಗಿದೆ, ಅವನು ಸೋಡಾ ತರುವಷ್ಟರಲ್ಲಿ ಅನ್ನಬೇಕು, ಅಂಗಡಿ ಎಷ್ಟು ದೂರವೋ, ಅನ್ನು, ಅನ್ನು — ಸ್ಟೀಲಿನ ಲೋಟ, ಬಿಸಿಲು ಅದರ ಅಂಚಿಗೆ ಮಾತ್ರ ತಾಗಿದೆ, ಮಲ್ಲಿಗಮ್ಮ ಲೋಟವನ್ನು ಕೈಯಿಂದ ಕೈಗೆ ಬದಲಿಸಿದಳು, ಒಂದು ಹನಿ ಹೊಸಲಿನ ಮೇಲೆ ಬಿತ್ತು, ಲೋಟ, ಹೊಸಲಿನ ಆಚೆ, ತುಂಬಿದ ಲೋಟ —