ಉಜ್ಜಿದ ಕಣ್ಣು

“ಇದನ್ನ ಯಾರು ಉಜ್ಜಿದ್ದು?” ಡಾಕ್ಟರಮ್ಮ ಕೃತಕ ಕಣ್ಣನ್ನು ಎರಡು ಬೆರಳಲ್ಲಿ ಹಿಡಿದು ದೀಪಕ್ಕೆ ಒಡ್ಡಿದರು. ಚಿಪ್ಪಿನಂಥ ಅದರ ಒಂದು ಅಂಚು ಬ್ಲೇಡಿನ ಹಾಗೆ ತೆಳ್ಳಗಾಗಿತ್ತು.

“ನಾನೇ.”

“ಯಾವುದರಲ್ಲಿ?”

“ಕಾರ್ಖಾನೆಯ ಬಟ್ಟೆ ಸುತ್ತಿದ ಗಾಲಿಯಲ್ಲಿ. ಹಿತ್ತಾಳೆ ನಲ್ಲಿಗೆ ಹೊಳಪು ಕೊಡ್ತೀವಲ್ಲ, ಅದರಲ್ಲೇ.”

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಅಕ್ಕ ಹಣೆ ಚಚ್ಚಿಕೊಂಡಳು. “ಕಣ್ಣು ಅಂದ್ರೆ ನಲ್ಲಿ ಏನೋ? ತಿರುಗಿಸಿದ್ರೆ ನೀರೂ ಬರುತ್ತೇನೋ.”

“ಬರ್ತಾ ಇದೆಯಲ್ಲ, ಕೀವು,” ಎಂದ ಅವನು.

ಎರಡು ವರ್ಷದ ಕೆಳಗೆ ಅದೇ ಗಾಲಿಗೆ ಸಿಕ್ಕಿ ಸಿಡಿದ ನಲ್ಲಿಯ ತುಂಡು ಅವನ ಎಡಗಣ್ಣನ್ನು ಒಡೆದಿತ್ತು. ಕಣ್ಣು ತೆಗೆದು, ಗುಳಿಯೊಳಗೆ ದೊಡ್ಡ ಗೋಲಿಯಷ್ಟು ದಪ್ಪದ ಉಂಡೆ ಕೂರಿಸಿ, ಪೊರೆ ಎಳೆದು ಹೊಲಿದು, ಗಾಯ ಮಾಗಿದ ಮೇಲೆ ಈ ಬಣ್ಣದ ಚಿಪ್ಪು ಕೊಟ್ಟಿದ್ದರು. ಹಾಕಿದ ವಾರದಿಂದಲೇ ಅದು ಮೂಗಿನ ಕಡೆಯ ಮೂಲೆಯಲ್ಲಿ ಚುಚ್ಚುತ್ತಿತ್ತು. ಅರ್ಧ ದಿನದ ರಜೆ ಹಾಕಿ ಮೂರು ಸಲ ಇದೇ ಆಸ್ಪತ್ರೆಗೆ ಬಂದ. ಚಿಪ್ಪು ಮಾಡುವ ಕೋಣೆಯವರು ಮೂರು ಸಲವೂ ತಲೆಯೆತ್ತಿ ನೋಡದೆ “ರೂಢಿಯಾಗುತ್ತೆ” ಎಂದು ಸಾಗಹಾಕಿದರು. ಒರಟು ಅಂಚು ಕಂಡರೆ ಗಾಲಿಗೆ ಒಡ್ಡುವುದು ಅವನ ಕೈಗೆ ಬಂದ ವಿದ್ಯೆ. ಒಡ್ಡಿದ. ಚಿಪ್ಪು ಕನ್ನಡಿಯ ಹಾಗೆ ಹೊಳೆಯಿತು. ಅಂಚು ಮಾತ್ರ ಚಾಕುವಾಯಿತು. ಈಗ ಪೊರೆ ಹರಿದು ಒಳಗಿನ ಉಂಡೆ ಬೆಳ್ಳಗೆ ಕಾಣುತ್ತಿತ್ತು.

“ಉಂಡೆ ಇವತ್ತೇ ತೆಗೀಬೇಕು,” ಎಂದರು ಡಾಕ್ಟರಮ್ಮ. “ಕೀವು ಆರಿದ ಮೇಲೆ ಸೊಂಟದ ಕೊಬ್ಬು ತೆಗೆದು ಆ ಜಾಗಕ್ಕೆ ತುಂಬ್ತೀವಿ. ಎರಡು ತಿಂಗಳು ಕೆಲಸಕ್ಕೆ ಹೋಗೋ ಹಾಗಿಲ್ಲ.”

“ಸೊಂಟದಲ್ಲೆಲ್ಲಿದೆ ಡಾಕ್ಟ್ರೇ? ಇವನ ಕೊಬ್ಬೆಲ್ಲ ನಾಲಗೆಯಲ್ಲೇ ಇರೋದು,” ಎಂದಳು ಅಕ್ಕ.

ಡಾಕ್ಟರಮ್ಮ ನಗುತ್ತಲೇ ಕಾರಣ ಬರೆದು ಆಪರೇಷನ್ನಿನ ಒಪ್ಪಿಗೆ ಕಾಗದವನ್ನು ಮುಂದೆ ತಳ್ಳಿದರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ಬೆರಳಿಟ್ಟು ಓದಿದ. ‘ರೋಗಿಯ ಸ್ವಂತ ತಪ್ಪಿನಿಂದ.’ ಅಷ್ಟೇ. ರಜೆಗಾಗಿ ಇದರ ಪ್ರತಿ ಕಾರ್ಖಾನೆಯ ಆಫೀಸಿಗೆ ಹೋದರೆ ರಜೆ ಸಿಗದು. ತಿಂಗಳು ತುಂಬುವುದರೊಳಗೆ ಗಾಲಿಯ ಮುಂದೆ ಬೇರೆಯವನು ನಿಂತಿರುತ್ತಾನೆ.

“ಸಹಿ ಹಾಕಲ್ಲ.”

“ಸೋಂಕು ಮಿದುಳಿಗೆ ಹೋಗಬಹುದು, ಗೊತ್ತಾ?”

“ಹೋಗ್ಲಿ. ಉಜ್ಜಿದ್ದು ನನ್ನ ತಪ್ಪೇ, ಬರೀರಿ. ಬೇಡ ಅಂದೆನಾ? ಚುಚ್ತಾ ಇದೆ ಅಂತ ಮೂರು ಸಲ ಬಂದೆ. ಅದನ್ನೂ ಬರೀರಿ. ಬಂದ ದಿನದ ಚೀಟಿ ಮೂರೂ ನಿಮ್ಮ ಫೈಲಲ್ಲೇ ಇವೆ.”

“ಲೋ, ಹಠ ಬೇಡ್ವೋ.” ಅಕ್ಕ ಅವನ ತೋಳು ಹಿಡಿದಳು.

“ನೀನು ಸುಮ್ನಿರಕ್ಕ.”

“ಹೊರಗೆ ನಲವತ್ತು ಜನ ಕಾಯ್ತಿದ್ದಾರಪ್ಪ,” ಎಂದರು ಡಾಕ್ಟರಮ್ಮ.

“ನಾನೂ ಕಾಯ್ತೀನಿ.”

ಪರೀಕ್ಷೆಯಾದ ಮೇಲೆ ಕಣ್ಣಿನ ಗುಳಿಗೆ ನರ್ಸ್ ಮುಚ್ಚಿದ್ದ ಹತ್ತಿಯನ್ನು ಅವನು ಕಿತ್ತು ಮಡಿಲಲ್ಲಿಟ್ಟುಕೊಂಡ. ತೆರೆದ ಗುಳಿಯನ್ನು ನೇರ ಡಾಕ್ಟರಮ್ಮನ ಮುಖಕ್ಕೆ ಹಿಡಿದು ಕೂತ.

ಅವರು ಫೈಲು ತಿರುವಿದರು. ಒಂದು ಚೀಟಿ ಸಿಕ್ಕಿತು, ಆಮೇಲೆ ಇನ್ನೊಂದು. ಮೂರನೆಯದನ್ನು ತುಸು ಹೊತ್ತು ನೋಡಿದರು. ಕಾಗದವನ್ನು ಎಳೆದುಕೊಂಡು ಎರಡು ಸಾಲು ಸೇರಿಸಿದರು.

ಅವನು ಮತ್ತೆ ಓದಿದ. “ಮೂರನೇ ಸಲದ ತಾರೀಖು ಬಿಟ್ಟಿದೆ.”

ಅದನ್ನೂ ಬರೆದರು.

ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಅವನು ಹೆಸರು ಬರೆಯತೊಡಗಿದ. ಅವನ ಕೆನ್ನೆಯ ಮೇಲೆ ಇಳಿಯುತ್ತಿದ್ದ ಕೀವನ್ನು ಅಕ್ಕ ಬರಿಗೈಯಲ್ಲೇ ಒರೆಸಿದಳು. ಹನಿ ಬೀಳದಂತೆ ಅವನು ಕಾಗದವನ್ನು ಆಚೆ ಸರಿಸಿ, ಉಳಿದ ಅಕ್ಷರಗಳನ್ನು ಬರೆದ.