ವಾಕಿಟಾಕಿಯಲ್ಲಿ ಕೇಳಿದ ಕನ್ನಡ

ಇನ್ನೊಬ್ಬರ ಮನೆಯ ಹೊಟ್ಟೆಕಿಚ್ಚನ್ನು ಕಥೆ ಮಾಡಿ ಹೇಳುವುದು ದೊಡ್ಡಸ್ತಿಕೆಯೇನಲ್ಲ. ಅದರಲ್ಲೂ ಇದು ತಾಯಿಯೊಬ್ಬಳ ಹೊಟ್ಟೆಕಿಚ್ಚು. ಹೇಳುವುದರಲ್ಲಿ ಅನ್ಯಾಯವಾದರೆ ಓದುವವರು ಮನ್ನಿಸಬೇಕು, ಸುಗುಣಾ ಕೂಡ.

ಫ್ರೀಮಾಂಟಿನ ಸುಗುಣಾ ಭಾನುವಾರದ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಎಷ್ಟೋ ಮನೆಯ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಆದರೆ ಅವಳ ಒಂಬತ್ತು ವರ್ಷದ ಮಗಳು ಆಶ್ರಿತಾ, ಅಮ್ಮ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. "ಟೀಚರ್ ಮಗಳೇ ಹೀಗಾ?" ಎಂದು ಮಕ್ಕಳ ತಾಯಂದಿರು ನಗುತ್ತಿದ್ದರು. ಸುಗುಣಾಳೂ ನಗುತ್ತಿದ್ದಳು, ಆಮೇಲೆ ಮನೆಗೆ ಬಂದು ಪಾತ್ರೆ ಕುಕ್ಕುತ್ತಿದ್ದಳು.

ವಸಂತದ ರಜೆಗೆ ಎರಡು ಸಂಸಾರ, ಎರಡು ಕಾರುಗಳಲ್ಲಿ ಯೂಟಾದ ಕಣಿವೆಗಳತ್ತ ಹೊರಟವು. ಇನ್ನೊಂದು ಕಾರು ಸ್ಯಾನ್ ರಮೋನಿನ ಗುರುಕಿರಣ ಮತ್ತು ಶೀತಲ್ ಅವರದು. ಹುಬ್ಬಳ್ಳಿ ಕಡೆಯವರು, ಹೊಸದಾಗಿ ಮದುವೆಯಾದವರು. ಮರುಭೂಮಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲವೆಂದು ಸುಗುಣಾಳ ಗಂಡ ಜಯಕರ ಒಂದು ಜೊತೆ ವಾಕಿಟಾಕಿ ತಂದಿದ್ದ. ಜಾಯನ್ ಪಾರ್ಕಿನಲ್ಲಿ ಆಶ್ರಿತಾ ಹಟ ಹಿಡಿದು, ಒಂದು ಸೆಟ್ಟು ಕೈಯಲ್ಲಿ ಹಿಡಿದು, ಶೀತಲ್ ಆಂಟಿಯ ಕಾರು ಹತ್ತಿದಳು.

ಕೆಂಪು ಬಂಡೆಗಳ ನಡುವೆ ದಾರಿ ಸುತ್ತಿ ಸುತ್ತಿ ಏರುವಾಗ ಸುಗುಣಾಳ ಮಡಿಲಲ್ಲಿದ್ದ ಸೆಟ್ಟು ಗರಗರ ಎಂದು ಮಾತಾಡತೊಡಗಿತು. ಆ ಕಡೆ ಮಗು ಗುಂಡಿ ಒತ್ತಿಕೊಂಡೇ ಕೂತಿರಬೇಕು.

"ಆಂಟಿ, ನಮ್ಮಮ್ಮಗ ಸಿಟ್ಟು ಬಂದ್ರ ಪಾತ್ರೆ ಸೌಂಡ್ ಬರ್ತೈತಿ."

"ಹೌದನವಾ? ನಮ್ಮನ್ಯಾಗ ನಾ ಸಿಟ್ಟಿಗೆದ್ರ ನಿಮ್ಮ ಅಂಕಲ್ ತಾವ ಪಾತ್ರಿ ತಿಕ್ಕತಾರ."

ಜಯಕರ ಸ್ಟಿಯರಿಂಗ್ ಹಿಡಿದೇ ಬಿದ್ದು ಬಿದ್ದು ನಕ್ಕ. ಸುಗುಣಾಳಿಗೆ ನಗು ಬರಲಿಲ್ಲ; ಮಗಳ ಬಾಯಲ್ಲಿ ಕೇಳಿದ್ದು ಶೀತಲ್ ಆಡುವ ಹುಬ್ಬಳ್ಳಿ ಕನ್ನಡವೇ. ತಾನು ಇಷ್ಟು ವರ್ಷ ಕಾದ ಮಾತು ನಿನ್ನೆ ಮೊನ್ನೆ ಪರಿಚಯವಾದವಳಿಗೆ ಪುಕ್ಕಟೆ ಸಿಕ್ಕಿತ್ತು.

"ಖುಷಿಪಡು ಮಾರಾಯ್ತಿ. ಕನ್ನಡ ತಾನೆ?" ಎಂದ ಜಯಕರ.

"ನನ್ನ ಹತ್ರ ಯಾಕೆ ಮಾತಾಡಲ್ಲ?"

"ಶೀತಲ್ ಪರೀಕ್ಷೆ ತಗೊಳ್ಳೋದಿಲ್ವಲ್ಲ."

ಮುಂದಿನ ಗ್ಯಾಸ್ ಸ್ಟೇಷನ್ನಿನಲ್ಲಿ ಸುಗುಣಾ ಮಗಳನ್ನು ಇಳಿಸಿ ತನ್ನ ಕಾರಿಗೆ ಕರೆತಂದಳು. ಶೀತಲ್ ಕೊಟ್ಟಿದ್ದ ಶೇಂಗಾ ಉಂಡಿಯನ್ನು, ಹಲ್ಲು ಹಾಳಾಗುತ್ತೆ ಎಂದು ಕಿತ್ತುಕೊಂಡು ಡಬ್ಬಿಗೆ ಹಾಕಿದಳು.

"ಆಂಟಿ ಹತ್ರ ಏನು ಮಾತಾಡಿದೆ?"

"ನಥಿಂಗ್."

ಬ್ರೈಸ್ ಕಣಿವೆ ತಲುಪುವವರೆಗೂ ಮಗು ಕಿಟಕಿಯಾಚೆ ಶೀತಲ್ ಆಂಟಿಯ ಕಾರನ್ನೇ ನೋಡುತ್ತಿತ್ತು.

ಅಲ್ಲಿ ಕಣಿವೆಯ ಅಂಚಿನಲ್ಲಿ ಸುಗುಣಾ ಒಬ್ಬಳೇ ಕಂಬಿ ಹಿಡಿದು ನಿಂತಿದ್ದಳು. ಕೆಳಗೆ ಕಿತ್ತಳೆ ಬಣ್ಣದ ಕಲ್ಲುಕಂಬಗಳು ಒತ್ತೊತ್ತಾಗಿ ನಿಂತಿದ್ದವು. ಪುಟ್ಟ ಕೈಯೊಂದು ಬಂದು ಅವಳ ಕೈಯೊಳಗೆ ಸೇರಿತು.

"ಅಮ್ಮಾ, ಅಲ್ನೋಡು. ಆ ಕಲ್ಲು ನಿನ್ನಂಗ ಐತಿ. ಸೊಂಟದ ಮ್ಯಾಲ ಕೈ ಇಟ್ಕೊಂಡು ನಿಂತೈತಿ."

ಆಗ ಸುಮ್ಮನೆ ನಕ್ಕಿದ್ದರೆ ಸಾಕಿತ್ತು. ಆದರೆ ಸುಗುಣಾಳ ಕಣ್ಣು ಮೊದಲು ಶೀತಲ್ ಎಲ್ಲಿದ್ದಾಳೆಂದು ಹುಡುಕಿತು. ಅವಳು ದೂರದಲ್ಲಿ ಬೆನ್ನು ಹಾಕಿ ನಿಂತಿದ್ದಳು, ಮಗುವಿನ ಮಾತು ಅವಳಿಗೆ ಕೇಳಿರಲಿಲ್ಲ. ಸುಗುಣಾ ಮಗಳ ಕೈ ಬಿಟ್ಟು ಫೋನು ತೆಗೆದಳು.

"ಇನ್ನೊಂದ್ಸಲ ಹೇಳು ಪುಟ್ಟಿ, ವಿಡಿಯೋ ಮಾಡ್ತೀನಿ. ಶೀತಲ್ ಆಂಟಿಗೂ ಕಳಿಸೋಣ, ಕನ್ನಡ ಶಾಲೆ ಗ್ರೂಪಿಗೂ ಹಾಕೋಣ."

ಮಗು ಫೋನನ್ನು ನೋಡಿತು, ಅಮ್ಮನನ್ನು ನೋಡಿತು.

"ನೆವರ್ ಮೈಂಡ್," ಎಂದಿತು.

ವಾಪಸು ಹೊರಡುವಾಗ ಸುಗುಣಾಳೇ ಉಂಡಿಯ ಡಬ್ಬಿಯನ್ನೂ ವಾಕಿಟಾಕಿಯ ಇನ್ನೊಂದು ಸೆಟ್ಟನ್ನೂ ಮಗಳ ಕೈಗಿಟ್ಟು, "ಆಂಟಿ ಕಾರಲ್ಲೇ ಹೋಗು," ಎಂದಳು. ಮರುಭೂಮಿ ದಾಟುವವರೆಗೂ ವಾಕಿಟಾಕಿಯನ್ನು ಕಿವಿಗೆ ಹಿಡಿದೇ ಕೂತಿದ್ದಳು. ಬರಿಯ ಗರಗರ. ಆ ಕಡೆಯ ಸೆಟ್ಟಿನ ಬ್ಯಾಟರಿ ಮುಗಿದಿತ್ತೋ, ಮಗು ಈ ಸಲ ಗುಂಡಿ ಒತ್ತದೆ ಎಚ್ಚರ ವಹಿಸಿತೋ ತಿಳಿಯಲಿಲ್ಲ. ಆ ಕಾರಿನಲ್ಲಿ ಯಾವ ಮಾತು ನಡೆಯಿತು, ಅದರಲ್ಲಿ ಅಮ್ಮನ ಹೆಸರು ಬಂತೋ ಇಲ್ಲವೋ, ಸುಗುಣಾಳಿಗೆ ಗೊತ್ತಿಲ್ಲ. ಈ ಕಥೆ ಹೇಳಿದವರಿಗೂ ಗೊತ್ತಿಲ್ಲ.