ಆ ಮದುವೆ ಕಾರಿನಲ್ಲಿ ಮೊದಲು ನಾನಿದ್ದೆ

ನಾನು ಅಮೆರಿಕದ ಹಳೆಯ ಕಾರೊಂದರ ಎಂಜಿನ್. ಎಂಟು ಸಿಲಿಂಡರುಗಳ ದಪ್ಪ ಮೈ ನನ್ನದು. ಇಷ್ಟು ದೊಡ್ಡದಿದ್ದೂ ಶಕ್ತಿ ಇಷ್ಟೇನಾ ಎಂದು ಜನ ನಗುತ್ತಾರೆ. ನನ್ನನ್ನು ಮಾಡಿದವರು ಬೇಕೆಂದೇ ಹಾಗೆ ಮಾಡಿದ್ದರು. ಆ ಕಾಲದ ಪೆಟ್ರೋಲು ಅಷ್ಟು ಒಳ್ಳೆಯದಿರಲಿಲ್ಲ. ಸಿಲಿಂಡರಿನೊಳಗೆ ಬಿಗಿಯಾಗಿ ಒತ್ತಿದರೆ ಹೊತ್ತಿಗೆ ಮುಂಚೆ ಉರಿದು ಒಳಗೆಲ್ಲ ಬಡಿಯುತ್ತಿತ್ತು. ಅದಕ್ಕೇ ಹಗುರವಾಗಿ ಒತ್ತಿದರು. ಅದರಿಂದ ಕಳೆದುಹೋದ ಬಲವನ್ನು ಸಿಲಿಂಡರು ದೊಡ್ಡದು ಮಾಡಿ ತುಂಬಿಕೊಂಡರು. ಅಲ್ಲಿ ಪೆಟ್ರೋಲು ಅಗ್ಗ, ದಾರಿ ಉದ್ದ. ಜೋರಾಗಿ ತಿರುಗುವುದು ನನ್ನ ಕೆಲಸವಲ್ಲ. ನಿಧಾನವಾಗಿ ತಿರುಗುತ್ತ ಭಾರವನ್ನು ಮೆತ್ತಗೆ ಎಳೆಯಬೇಕು, ಬಹುಕಾಲ ಬಾಳಬೇಕು.

ಹಡಗಿನಲ್ಲಿ ಬಂದ ನಮ್ಮ ಕಾರನ್ನು ಮಂಗಳೂರಿನ ಮಾರ್ಸೆಲ್ ಪೊರ್ಬುಗಳೆಂಬ ಕ್ರೈಸ್ತ ಯಜಮಾನರು ಕೊಂಡು, ಮದುವೆಗಳಿಗೆ ಬಾಡಿಗೆಗೆ ಓಡಿಸಿದರು. ಗೇರು ಇಳಿಸದೆಯೇ ಗುಡ್ಡ ಹತ್ತಿಸುತ್ತಿದ್ದರು. ಅವರ ಪುಟ್ಟ ಮಗಳು ಹಿಲ್ಡಾ ಜ್ವರದಲ್ಲಿ ಅತ್ತರೆ, ತಾಯಿ ಅವಳನ್ನು ಹಿಂದಿನ ಸೀಟಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ನನ್ನನ್ನು ಚಾಲೂ ಮಾಡಿಸುತ್ತಿದ್ದರು. ನನ್ನ ಸದ್ದಿಗೆ ಮಗು ನಿದ್ದೆ ಹೋಗುತ್ತಿತ್ತು. ಕೊನೆಯವರೆಗೂ ಈ ಮನೆಯ ಕಾರಿನಲ್ಲೇ ಇರುತ್ತೇನೆಂದುಕೊಂಡಿದ್ದೆ.

ಪೊರ್ಬುಗಳು ತೀರಿಕೊಂಡ ಮೇಲೆ ಹಿಲ್ಡಾ ಒಡತಿಯಾದಳು. ಸಣ್ಣ ಕಾರಿನಲ್ಲಿ ಕಲಿತವಳು. ಎಂಜಿನ್ ಕಿರುಚಿದರೆ ಮಾತ್ರ ಅದು ದುಡಿಯುತ್ತಿದೆ ಎಂದು ನಂಬಿದವಳು. ಒಂದು ಮದುವೆಯ ದಿನ ಬಾವುಟಗುಡ್ಡೆಯ ಏರಿನಲ್ಲಿ ಒಂದನೆಯ ಗೇರಿಗೆ ಹಾಕಿ ಎಕ್ಸಲರೇಟರ್ ಪೂರ್ತಿ ತುಳಿದಳು.

"ಮೆಲ್ಲ ಹಿಲ್ಡಾ, ಇದು ಸ್ಕೂಟರಲ್ಲ!" ಎಂದು ಮದುಮಗಳ ಸೋದರಮಾವ ಹಿಂದಿನ ಸೀಟಿನಿಂದ ಕೂಗಿದರು.

ಹಾಗೆ ತಿರುಗಿ ನನಗೆ ಅಭ್ಯಾಸವಿಲ್ಲ. ರೇಡಿಯೇಟರಿನ ನೀರು ಕುದಿದು ಉಗಿ ಎದ್ದಿತು. ಮದುಮಗಳು ರಿಕ್ಷಾದಲ್ಲಿ ಇಗರ್ಜಿಗೆ ಹೋದಳು.

"ಡೀಸೆಲ್ ಎಂಜಿನ್ ಕೂರಿಸುವ, ಬಾಯಮ್ಮ, ಎಲ್ಲರೂ ಹಾಗೇ ಮಾಡುವುದಲ್ವಾ?" ಎಂದ ಮೆಕ್ಯಾನಿಕ್ ಮೋನಪ್ಪ.

"ಕೂರಿಸು ಮಾರಾಯ. ಇದರದ್ದು ಹೊಟ್ಟೆ ಮಾತ್ರ ದೊಡ್ಡದು, ನಮ್ಮ ಬೆನ್ನಿ ಅಂಕಲ್‌ನ ಹಾಗೆ!"

ಇಬ್ಬರೂ ನಕ್ಕರು. ಅವಳು ಒಂದು ಗಳಿಗೆಯಾದರೂ ಯೋಚಿಸುತ್ತಾಳೆಂದು ಕಾದಿದ್ದೆ. ಸರಪಳಿ ಕಟ್ಟಿ ನನ್ನನ್ನು ಮೇಲೆತ್ತಿದಾಗ ಕಾರಿನ ಮುಂಭಾಗ ಹಗುರವಾಗಿ ಎದ್ದು ನಿಂತಿತು. ಅದಕ್ಕೂ ನಾನು ಬೇಡವಾಗಿದ್ದೆನೇನೋ.

ಈಗ ಗ್ಯಾರೇಜಿನ ಗೋಡೆಯ ಪಕ್ಕ ಬಿದ್ದಿದ್ದೇನೆ. ಬಿಡಿಭಾಗಗಳನ್ನು ಒಂದೊಂದಾಗಿ ಬಿಚ್ಚಿಕೊಂಡು ಹೋಗಿದ್ದಾರೆ. ಮೊನ್ನೆ ಹಿಲ್ಡಾ ಬಂದಿದ್ದಳು.

"ಎಂಥ ನಡುಕ ಮಾರಾಯ! ಮದುಮಗಳ ತಲೆಯ ಹೂವೆಲ್ಲ ಉದುರಿತು. ಮೊದಲಿನ ಹಾಗೆ ಮೆತ್ತಗೆ ಮಾಡಲಿಕ್ಕೆ ಆಗುವುದಿಲ್ವಾ?"

"ಡೀಸೆಲ್ ಅಲ್ವಾ ಬಾಯಮ್ಮ. ಕೂತುಕೊಳ್ಳಿ, ನೋಡುವ."

ಸೀರೆಗೆ ಎಣ್ಣೆ ತಾಗಬಾರದೆಂದು ನನ್ನ ಮೇಲೆ ಪೇಪರು ಹಾಸಿ ಕುಳಿತಳು. ಅವಳ ಭಾರವನ್ನು ಹೊತ್ತುಕೊಂಡೆ. ತಾನು ಕುಳಿತದ್ದು ಯಾವುದರ ಮೇಲೆ ಎಂದು ಅವಳು ಬಗ್ಗಿ ನೋಡಲಿಲ್ಲ.